ಎಡಗೈ ಎಲ್ಲೈತಿ ನೋಡ್ರಿ

ಕಳ್ಳರು ಸಿಕ್ಕಿಬೀಳದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡದ್ದು ಪೊಲೀಸ್ ಇಲಾಖೆಗೆ ಸೇರಿದ ಹೊಸದರಲ್ಲಿ. ಬಾಗಲಕೋಟೆಯ ನವನಗರದಲ್ಲಿ ಒಂದು ಶನಿವಾರ ಮಧ್ಯಾಹ್ನ, ನಮ್ಮ ಮೇಲಧಿಕಾರಿಯ ಮನೆಯ ಪಡಸಾಲೆಯಲ್ಲಿ ಕೂತು ಬೇಡಿಕೊಂಡೆ. ಆಚೀಚೆ ಇನ್ನೂ ಕೆಲವರು ಪೊಲೀಸರು ಕೂತಿದ್ದರು. ಅವರೂ ಅದನ್ನೇ ಬೇಡಿಕೊಳ್ಳುತ್ತಿದ್ದರು ಎಂಬುದು ಆಮೇಲೆ ಗೊತ್ತಾಯಿತು.

ನಾನಿದ್ದದ್ದು ಬೆರಳಚ್ಚು ವಿಭಾಗದಲ್ಲಿ. ಕಳವಾದ ಮನೆಗೆ, ಅಂಗಡಿಗೆ, ಗುಡಿಗೆ ಹೋಗಿ ಕಳ್ಳ ಬಿಟ್ಟುಹೋದ ಬೆರಳಿನ ಗುರುತು ಹುಡುಕುವುದು ನನ್ನ ಕೆಲಸ. ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಈ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಬಂದು ಕೂರುತ್ತಾರೆ. "ಮೇಡಂ, ನಿಮ್ಮ ಕಾಲಕ್ಕ ಓಣಿಗೊಂದು ಕ್ಯಾಮೆರಾ ಇರ್ಲಿಲ್ಲ, ಎಲ್ಲಾರ ಕೈಯಾಗ ಮೊಬೈಲ್ ಇರ್ಲಿಲ್ಲ, ಹೆಂಗ ಹಿಡೀತಿದ್ರಿ?" ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಚಹಾ ಮುಗಿಯುವುದರೊಳಗೆ ಮರೆಯುತ್ತಾರೆ. ಅದಕ್ಕೆ ಬರೆದಿಡುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನು ಬಿಟ್ಟಿದ್ದೇನೆ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ.

ನಮ್ಮ ಮೇಲಧಿಕಾರಿ ದೇಸಾಯಿ ಸಾಹೇಬರು. ಉದ್ದಕ್ಕೆ ತೆಳ್ಳಗೆ ಇದ್ದರು, ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಪುಣೆಯಲ್ಲಿ ಓದುವಾಗ ಹಳೆಯ ಪರದೇಶದ ಸಿನಿಮಾಗಳ ಹುಚ್ಚು ಹತ್ತಿಸಿಕೊಂಡವರು. ವಿಭಾಗಕ್ಕೆ ಯಾರಾದರೂ ಹೊಸಬರು ಬಂದರೆ ಮೊದಲು ಮನೆಗೆ ಕರೆದು, ಒಂದು ಫ್ರೆಂಚ್ ಸಿನಿಮಾ ತೋರಿಸುತ್ತಿದ್ದರು. ಕಪ್ಪು-ಬಿಳುಪಿನದು, ನಾವು ಹುಟ್ಟುವುದಕ್ಕಿಂತ ಮುಂಚಿನದು. ಅದರ ಹೆಸರು ಸಾಹೇಬರೊಬ್ಬರ ನಾಲಿಗೆಗೆ ಮಾತ್ರ ಹೊರಳುತ್ತಿತ್ತು. ನಾವೆಲ್ಲ ಅದನ್ನು 'ಸಾಹೇಬರ ಸಿನಿಮಾ' ಎನ್ನುತ್ತಿದ್ದೆವು.

ಕಥೆ ಸಣ್ಣದು. ಜೈಲಿನಿಂದ ಹೊರಬಂದ ಒಬ್ಬ ಮುದುಕ, ಕೈಗಡಿಯಾರ ರಿಪೇರಿ ಮಾಡುವ ಒಬ್ಬ, ಲಾರಿ ನಡೆಸುವ ಒಬ್ಬ. ಮೂವರೂ ಸೇರಿ ಮುಚ್ಚಿಹೋದ ಒಂದು ಕೊಡೆ ಅಂಗಡಿಯ ಹಿಂಗೋಡೆ ಒಡೆದು, ಪಕ್ಕದ ವಜ್ರದ ವ್ಯಾಪಾರಿಯ ಅಂಗಡಿಗೆ ಇಳಿಯುತ್ತಾರೆ. ಸಿನಿಮಾದ ಅರ್ಧ ಭಾಗ ಆ ಗೋಡೆಯದೇ. ಒಂದೊಂದೇ ಇಟ್ಟಿಗೆ ಅಲುಗಿಸಿ ತೆಗೆಯುತ್ತಾರೆ, ಸಪ್ಪಳವಾಗದಂತೆ ಕಂಬಳಿಯ ಮೇಲೆ ಮಲಗಿಸುತ್ತಾರೆ, ಬೆವರು ಒರೆಸಿಕೊಳ್ಳುತ್ತಾರೆ, ಮತ್ತೆ ಶುರು ಮಾಡುತ್ತಾರೆ. ಮಾತು ಕಡಿಮೆ. ಇದ್ದ ಮಾತೂ ಫ್ರೆಂಚ್. ಸಾಹೇಬರು ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಗೋಡೆಯ ಭಾಗ ಬಂದಾಗ ಅವರೂ ಸುಮ್ಮನಾಗುತ್ತಿದ್ದರು.

ನಾನು ಮೊದಲ ಸಲ ನೋಡಿದ ದಿನ ಗೋಡೆಯಲ್ಲಿ ಒಬ್ಬ ಮನುಷ್ಯ ತೂರುವಷ್ಟು ಕನ್ನ ಆಗಿತ್ತು. ಮುದುಕ ತಲೆ ಒಳಗೆ ಹಾಕಿದ್ದ. ಅಷ್ಟರಲ್ಲಿ ಕರೆಂಟ್ ಹೋಯಿತು. ಬೇಸಿಗೆ ಕಾಲ. ಫ್ಯಾನ್ ನಿಂತಿತು, ಪರದೆ ಎಳೆದ ಪಡಸಾಲೆ ಬಾಣಲೆಯಂತೆ ಕಾಯಿತು. ಸಾಹೇಬರ ಹೆಂಡತಿ ಅಡಿಗೆ ಮನೆಯಿಂದ, "ಎಲ್ಲಾರೂ ಹೊರಗ ಕಟ್ಟಿ ಮ್ಯಾಲ ಕುಂದರ್ರಿ, ಗಾಳಿ ಐತಿ" ಎಂದರು. ಒಬ್ಬರೂ ಏಳಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ದಫೇದಾರ ಹುಸೇನಸಾಬರು, ವಿಭಾಗದ ಫೋಟೋ ತೆಗೆಯುವವರು, ಕತ್ತಲಲ್ಲೇ ಹೇಳಿದರು:

"ಸಾಹೇಬ್ರ, ಪಾಪ, ಇಷ್ಟು ಕಷ್ಟಪಟ್ಟಾರು. ಕೆಲಸ ಮುಗಿಸಿ ಹೋಗ್ಲಿ ಬಿಡ್ರಿ. ಆಮ್ಯಾಲ ಹಿಡಿಯೂಣಂತ."

ಎಲ್ಲರೂ ನಕ್ಕೆವು. ಸಾಹೇಬರೂ ನಕ್ಕರು. ನನಗೆ ಮಾತ್ರ ನಗುತ್ತಲೇ ಸ್ವಲ್ಪ ಗಲಿಬಿಲಿಯಾಯಿತು. ಕಳ್ಳರನ್ನು ಹಿಡಿಯಲು ಸಂಬಳ ತೆಗೆದುಕೊಳ್ಳುವವಳು ನಾನು. ಕರೆಂಟ್ ಬರಲಿ, ಆ ಮುದುಕ ಕ್ಷೇಮವಾಗಿ ಆಚೆ ಇಳಿಯಲಿ ಎಂದು ಯಾಕೆ ಕಾಯುತ್ತಿದ್ದೇನೆ?

ಇದಕ್ಕೆ ಉತ್ತರ ನನ್ನ ತವರಿನಲ್ಲಿತ್ತು. ನನ್ನದು ಇಳಕಲ್ಲು, ನೇಕಾರರ ಮನೆ. ಅಪ್ಪ ನೆಲದ ಕುಣಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗದಲ್ಲಿ ಕೂರುತ್ತಿದ್ದ. ಸೀರೆಯ ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆ ಕೂಡಿಸುವ ಕೆಲಸ ಅವ್ವನದು. ಒಂದೊಂದು ಎಳೆಗೂ ಒಂದೊಂದು ಕೊಂಡಿ ಹಾಕಬೇಕು. ಅವ್ವ ಆ ಕೆಲಸಕ್ಕೆ ಕೂತಾಗ ಓಣಿಯ ಹೆಂಗಸರು ಯಾರಾದರೂ ಬಂದರೆ, ಎಂಥ ಅವಸರದ ಸುದ್ದಿ ಇದ್ದರೂ ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಕೊನೆಯ ಎಳೆ ಕೂಡುವ ತನಕ ಅವರ ಉಸಿರೂ ಮೆಲ್ಲಗೆ ಆಡುತ್ತಿತ್ತು. ಸೀರೆ ಅವರದಲ್ಲ, ಅದರ ಕೂಲಿ ಅವರಿಗೆ ಬರುವುದಿಲ್ಲ. ಆದರೂ ಎಳೆ ಹರಿಯಬಾರದು. ಮನಸ್ಸಿಟ್ಟು ಕೆಲಸ ಮಾಡುವ ಕೈಯನ್ನು ಕಂಡರೆ ನೋಡುವವರ ಜೀವವೂ ಆ ಕೈಯೊಳಗೆ ಹೋಗಿ ಕೂರುತ್ತದೆ. ಮಾಡುತ್ತಿರುವ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬ ವಿಚಾರ ಹಿಂದಿನಿಂದ ಬರುತ್ತದೆ.

ನಾವು ನೋಡುವ ಸಿನಿಮಾಗಳಲ್ಲಿ ನಾಯಕ ಡಾಕ್ಟರ್ ಎನ್ನುತ್ತಾರೆ, ಎಂಜಿನಿಯರ್ ಎನ್ನುತ್ತಾರೆ. ಅವನು ಕೆಲಸ ಮಾಡಿದ್ದನ್ನು ಮಾತ್ರ ತೋರಿಸುವುದಿಲ್ಲ. ಸಾಹೇಬರ ಸಿನಿಮಾದಲ್ಲಿ ಒಂದು ಕೆಲಸವನ್ನು ಮೊದಲಿಂದ ಕೊನೆಯ ತನಕ ಪೂರಾ ತೋರಿಸಿದ್ದರು. ಅದರ ಸೆಳೆತವೆಲ್ಲ ಅಲ್ಲೇ ಇತ್ತು ಎಂದು ನನಗೆ ಅನಿಸುತ್ತದೆ.

ಕರೆಂಟ್ ಬಂದ ಮೇಲೆ ಉಳಿದದ್ದನ್ನು ನೋಡಿದೆವು. ಮುದುಕ ಹೊರಬೀಳುವ ಮುಂಚೆ ಕೊಡೆ ಅಂಗಡಿಯ ನೆಲವನ್ನು ಕಸಬರಿಗೆ ಹಿಡಿದು ಗುಡಿಸುತ್ತಾನೆ. ಬೆಳಗ್ಗೆ ರೈಲ್ವೆ ಸ್ಟೇಷನ್ನಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ದಣಿವಿಗೆ ನಿದ್ದೆ ಹತ್ತುತ್ತದೆ. ರೈಲು ಹೊರಡುವ ಹೊತ್ತಾಯಿತೆಂದು ಒಬ್ಬ ಪೊಲೀಸಿನವನು ಅವನ ಭುಜ ಮುಟ್ಟಿ ಎಬ್ಬಿಸುತ್ತಾನೆ. ಎಬ್ಬಿಸಲಿಕ್ಕಷ್ಟೇ ಬಂದವನು. ಮುದುಕ ಕಣ್ಣು ಬಿಟ್ಟು, ಸಮವಸ್ತ್ರ ನೋಡಿ, ಎರಡೂ ಕೈ ಮೇಲಕ್ಕೆತ್ತುತ್ತಾನೆ. ಅಲ್ಲಿಗೆ ಮುಗಿಯುತ್ತದೆ.

ಹುಸೇನಸಾಬರು "ಛೇ" ಎಂದರು.

ಆಮೇಲೆ ಸಾಹೇಬರು ಸಿನಿಮಾವನ್ನು ಹಿಂದಕ್ಕೆ ಓಡಿಸಿ ಗೋಡೆಯ ಭಾಗಕ್ಕೆ ತಂದು ನಿಲ್ಲಿಸಿದರು. "ಈಗ ಇನ್ನೊಮ್ಮೆ ನೋಡ್ರಿ. ಮೊದಲನೇ ಸಲ ಎಲ್ಲಾರೂ ಬಲಗೈ ನೋಡಿದ್ರಿ. ಉಳಿ ಹಿಡಿದದ್ದು, ಇಟ್ಟಂಗಿ ಹಿಡಿದದ್ದು. ಈಗ ಎಡಗೈ ಎಲ್ಲೈತಿ ನೋಡ್ರಿ."

ನೋಡಿದೆವು. ಬಲಗೈ ಉಳಿ ಆಡಿಸುವಾಗ ಮುದುಕನ ಎಡಗೈ ಗೋಡೆಗೆ ಆತುಕೊಂಡಿತ್ತು. ಬಗ್ಗಿದಾಗ ಮೊಣಕಾಲ ಪಕ್ಕ ನೆಲದ ಮೇಲಿತ್ತು. ಒಳಗೆ ತೂರುವಾಗ ಕನ್ನದ ಮೇಲಂಚು ಹಿಡಿದಿತ್ತು. ಅದನ್ನು ಯಾರೂ ನೋಡಿರಲಿಲ್ಲ. ಅವನಿಗೂ ಅದರ ಕಡೆ ಲಕ್ಷ್ಯವಿರಲಿಲ್ಲ.

"ಕಳ್ಳ ಬಲಗೈ ಎಲ್ಲಿ ಇಡಬೇಕು ಅಂತ ನೂರು ಸಲ ವಿಚಾರ ಮಾಡಿರ್ತಾನ," ಎಂದರು ಸಾಹೇಬರು. "ಎಡಗೈ ತನಗ ತಾನ ಹೋಗಿ ಭಾರ ಹೊರ್ತೈತಿ. ನೀವು ಕಳವು ಆದ ಜಾಗಾ ಹುಡುಕಬ್ಯಾಡ್ರಿ. ಕೆಲಸ ಆದ ಜಾಗಾ ಹುಡುಕ್ರಿ."

ನನ್ನ ನೌಕರಿಯಲ್ಲಿ ನಾನು ಕಲಿತ ದೊಡ್ಡ ಪಾಠ ಅದೇ. ಅದನ್ನು ಕಲಿಸಿದ್ದು ಯಾವ ತರಬೇತಿ ಶಾಲೆಯೂ ಅಲ್ಲ.

ಆಗಿನ ಪದ್ಧತಿಯನ್ನೂ ಸ್ವಲ್ಪ ಹೇಳಬೇಕು. ನಮ್ಮ ಪೆಟ್ಟಿಗೆಯಲ್ಲಿ ಕರಿ ಪುಡಿ, ಬಿಳಿ ಪುಡಿ, ಒಂಟೆ ಕೂದಲಿನ ಬ್ರಷ್, ಭೂತಗನ್ನಡಿ, ಟೇಪು ಇರುತ್ತಿದ್ದವು. ಕಪಾಟಿನ ಮೇಲೆ, ಗಾಜಿನ ಮೇಲೆ ಪುಡಿ ಹಾಯಿಸಿದರೆ ಗೆರೆ ಏಳುತ್ತಿದ್ದವು. ಹುಸೇನಸಾಬರು ಫೋಟೋ ತೆಗೆಯುತ್ತಿದ್ದರು, ರೀಲು ತೊಳೆಸಿ ಬಂದ ಮೇಲೆಯೇ ಚಿತ್ರ ಹೇಗಿದೆ ಎಂದು ತಿಳಿಯುತ್ತಿತ್ತು. ಹಿಂದೆ ಸಿಕ್ಕಿಬಿದ್ದವರ ಬೆರಳಿಗೆ ಮಸಿ ಹಚ್ಚಿ ತೆಗೆದ ಚೀಟಿಗಳು ಕಚೇರಿಯಲ್ಲಿದ್ದವು. ಹತ್ತೂ ಬೆರಳು ಸಿಕ್ಕರೆ ಗೆರೆಯ ಜಾತಿ ಹಿಡಿದು ಬೇಗ ಹುಡುಕಬಹುದು. ಎರಡೋ ಮೂರೋ ಸಿಕ್ಕರೆ ಒಂದೊಂದೇ ಚೀಟಿ ತಿರುವಿ ಕಣ್ಣು ಸೋಲಬೇಕು. ಈಗ ಅದನ್ನೆಲ್ಲ ಕಂಪ್ಯೂಟರ್ ನೋಡುತ್ತದೆ. ನೋಡಲಿ. ಆದರೆ ಗುರುತು ಎಲ್ಲಿದೆ ಎಂದು ಅದು ಹೇಳುವುದಿಲ್ಲ. ಅದನ್ನು ಮನುಷ್ಯರೇ ಮೊಣಕಾಲೂರಿ ಹುಡುಕಬೇಕು.

ಎಡವಟ್ಟುಗಳಿಗೂ ಕೊರತೆ ಇರಲಿಲ್ಲ. ಹುನಗುಂದದ ಒಂದು ಮನೆ ಕಳವಿಗೆ ಹೋದಾಗ ಅಲ್ಲಿಯ ಅಧಿಕಾರಿಯೊಬ್ಬರು ನಮಗಿಂತ ಮುಂಚೆ ಬಂದು ನಿಂತಿದ್ದರು. ಒಳ್ಳೆಯ ಮನುಷ್ಯ. ಆದರೆ ಮಾತಾಡುವಾಗ ಏನನ್ನಾದರೂ ಬಡಿಯುತ್ತ ಮಾತಾಡುವ ರೂಢಿ. "ಇಲ್ಲಿಂದ ಬಂದಾನ, ಇಲ್ಲಿ ಕೈ ಹಾಕ್ಯಾನ, ಹಿಂಗ ತಗದಾನ" ಎಂದು ಕಪಾಟನ್ನು ತಟ್ಟಿ ತಟ್ಟಿ ವಿವರಿಸಿದರು. ನಾವು ಪುಡಿ ಹಾಕಿದಾಗ ಹೆಬ್ಬೆರಳಿನ ಗುರುತೊಂದು ಕೆತ್ತಿದ ಹಾಗೆ ಎದ್ದು ಬಂತು. ಊರಿನ ತುಂಬ ಸುಳಿವು ಸಿಕ್ಕಿತೆಂಬ ಸುದ್ದಿ. ಕಡೆಗೆ ಅದು ಆ ಅಧಿಕಾರಿಯದೇ ಹೆಬ್ಬೆರಳು. ಸಾಹೇಬರು ಅವರಿಗೆ ಒಂದು ಮಾತೂ ಆಡಲಿಲ್ಲ. ಅಂದಿನಿಂದ ಯಾವ ಜಾಗಕ್ಕೆ ಹೋದರೂ ಮೊದಲು ತಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಅವರನ್ನು ನೋಡಿ ಉಳಿದವರೂ ಕಟ್ಟಿಕೊಳ್ಳುತ್ತಿದ್ದರು. ಹುನಗುಂದದ ಅಧಿಕಾರಿ ಮುಂದಿನ ವಾರ ಕಚೇರಿಗೆ ಅಮೀನಗಡದ ಕರದಂಟು ಕಳಿಸಿದರು. ಹುಸೇನಸಾಬರು ಡಬ್ಬಿ ತೆಗೆಯುತ್ತ, "ಇದರ ಮ್ಯಾಲಿನ ಗುರ್ತು ಯಾರದಂತ ನೋಡೂದು ಬ್ಯಾಡ್ರಿ" ಎಂದರು.

ಇನ್ನು ನನ್ನನ್ನು ಇಂದಿಗೂ ಬಿಡದ ಪ್ರಕರಣಕ್ಕೆ ಬರುತ್ತೇನೆ.

ಬಾದಾಮಿ ತಾಲೂಕಿನ ಕುಳಗೇರಿ ಕ್ರಾಸಿನಿಂದ ಒಳಕ್ಕೆ ಒಂದು ಹಳ್ಳಿ. ಊರ ಹೊರಗೆ ಬೀರಪ್ಪನ ಗುಡಿ. ಅಮಾವಾಸ್ಯೆಗೊಮ್ಮೆ ದೇವರಿಗೆ ಬೆಳ್ಳಿಯ ಮುಖ ಹಾಕುತ್ತಾರೆ. ಉಳಿದ ದಿನ ಅದು ಗುಡಿಯ ಪಕ್ಕದ ಸಣ್ಣ ಕೋಣೆಯ ಪೆಟ್ಟಿಗೆಯಲ್ಲಿರುತ್ತದೆ. ಕೋಣೆಯ ಕೀಲಿ ಪೂಜಾರಿ ಸಿದ್ದಪ್ಪನ ಕೈಯಲ್ಲಿ. ಅವನ ಅಪ್ಪ, ಅಜ್ಜ ಎಲ್ಲ ಅದೇ ಗುಡಿಯ ಪೂಜಾರಿಗಳು. ಒಂದು ಅಮಾವಾಸ್ಯೆಯ ಬೆಳಗ್ಗೆ ಮಂದಿ ಎಲ್ಲ ನೆರೆದಿದ್ದಾಗ ಸಿದ್ದಪ್ಪ ಬೀಗ ತೆಗೆದು ಒಳಹೋದ. ಪೆಟ್ಟಿಗೆ ಬರಿದಾಗಿತ್ತು. ಬೀಗ ಮುರಿದಿರಲಿಲ್ಲ, ಬಾಗಿಲು ಒಡೆದಿರಲಿಲ್ಲ, ಗೋಡೆಯಲ್ಲಿ ಕನ್ನವಿರಲಿಲ್ಲ.

ಇನ್ನೇನು ಬೇಕು? ಊರು ತೀರ್ಮಾನ ಮಾಡಿತು. ಠಾಣೆಯವರೂ ಸಿದ್ದಪ್ಪನನ್ನು ದಿನಾ ಕರೆಸಿ ಕೂರಿಸತೊಡಗಿದರು. ಊರ ಹಿರಿಯ ಬಸಪ್ಪ ಎಂಬವನು ಕಟ್ಟೆಯ ಮೇಲೆ ಮಂದಿ ಕೂಡಿಸಿ, "ಭಂಡಾರ ಹಿಡಿದು ಆಣಿ ಮಾಡು, ಬಿಡ್ತೇವಿ" ಎಂದ. ಭಂಡಾರವೆಂದರೆ ಬೀರಪ್ಪನ ಅರಿಸಿನದ ಪುಡಿ. ಅದನ್ನು ಹಿಡಿದು ಸುಳ್ಳಾಡಿದವನ ವಂಶ ಉಳಿಯುವುದಿಲ್ಲ ಎಂಬ ನಂಬಿಕೆ. ಸಿದ್ದಪ್ಪ ಆಣೆ ಮಾಡಲು ಒಪ್ಪಲಿಲ್ಲ. ಒಪ್ಪದ್ದೇ ಸಾಕ್ಷಿಯಾಯಿತು. ಅವನ ಹೆಂಡತಿ ನೀರಿಗೆ ಹೋದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಎದ್ದು ಹೋಗುತ್ತಿದ್ದರು. ಮುಂದಿನ ಅಮಾವಾಸ್ಯೆಯೊಳಗೆ ಮುಖ ಬರದಿದ್ದರೆ ಪೂಜೆ ಬೇರೆ ಮನೆತನಕ್ಕೆ ಎಂದು ಗೊತ್ತು ಮಾಡಿದರು.

ನಾವು ಹೋದಾಗ ಸಿದ್ದಪ್ಪ ಗುಡಿಯ ಹೊರಗೆ ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ನಲವತ್ತರ ಆಸುಪಾಸು, ಹೆಗಲ ಮೇಲೆ ಕಂಬಳಿ. ನಮ್ಮನ್ನು ನೋಡಿ ಎದ್ದು ನಿಂತ.

"ಆಣಿ ಯಾಕ ಮಾಡ್ಲಿಲ್ಲಪಾ?" ಎಂದು ಕೇಳಿದೆ.

"ಬಾಯಾರ, ಈ ಕೈಲೆ ಮಂದಿಗೆ ಭಂಡಾರ ಕೊಡ್ತೇನಿ. ಕೂಸಿನ ಹಣಿಗೆ ಹಚ್ತೇನಿ, ಕುರಿ ರೋಗಕ್ಕ ಬಿದ್ರ ಹಚ್ತೇನಿ," ಎಂದ. "ನನ್ನ ಉಳಿಸ್ಕೊಳ್ಳಾಕ ಹೆಂಗ ಹಿಡೀಲಿ ಅದನ್ನ?"

ಸಾಹೇಬರು ಕೈ ಬೆನ್ನಿಗೆ ಕಟ್ಟಿಕೊಂಡು ಕೋಣೆಯ ಬಾಗಿಲ ಮುಂದೆ ಬಹಳ ಹೊತ್ತು ನಿಂತರು. ಕೋಣೆ ಇಕ್ಕಟ್ಟಾದ್ದರಿಂದ ಬಾಗಿಲು ಹೊರಕ್ಕೆ ತೆರೆಯುವಂತೆ ಕೂಡಿಸಿದ್ದರು. ಹಾಗಾಗಿ ಬಾಗಿಲನ್ನು ಚೌಕಟ್ಟಿಗೆ ಹಿಡಿದಿದ್ದ ಕಬ್ಬಿಣದ ಪಟ್ಟಿ ಬಿಜಾಗರಿಗಳು ಹೊರಗೇ ಕಾಣುತ್ತಿದ್ದವು. ಸಾಹೇಬರು ನನ್ನನ್ನು ಕರೆದು, "ಸ್ಕ್ರೂ ನೋಡ್ರಿ" ಎಂದರು. ಬಿಜಾಗರಿ ತುಕ್ಕು ಹಿಡಿದು ಕಂದಿತ್ತು. ಸ್ಕ್ರೂಗಳ ತಲೆಯ ಗೀರು ಮಾತ್ರ ಹೊಳೆಯುತ್ತಿತ್ತು. ಯಾರೋ ಬೀಗವನ್ನು ಮುಟ್ಟದೆ, ಇನ್ನೊಂದು ಬದಿಯ ಬಿಜಾಗರಿಯನ್ನೇ ಬಿಚ್ಚಿ ಬಾಗಿಲು ಸರಿಸಿ ಒಳಹೋಗಿದ್ದರು. ಹೊರಬಂದ ಮೇಲೆ ಎಲ್ಲ ಸ್ಕ್ರೂಗಳನ್ನು ಮೊದಲಿನ ಹಾಗೆ ಕೂಡಿಸಿದ್ದರು. ಒಂದರ ತಲೆಯೂ ಹರಿದಿರಲಿಲ್ಲ. ಹಲಗೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಹುಸೇನಸಾಬರು ಮೆಲ್ಲಗೆ, "ಏನ್ ಕೆಲಸ ಮಾಡ್ಯಾನ್ರೀ" ಎಂದರು. ನಾನೂ ಒಳಗೊಳಗೇ ಹಾಗೇ ಅಂದುಕೊಂಡೆ. ಪಡಸಾಲೆಯಲ್ಲಿ ಕೂತು ಸಿನಿಮಾ ನೋಡಿದವರ ಮನಸ್ಸೇ ಅದು.

ಸ್ಕ್ರೂಗಳ ಸುತ್ತ ಪುಡಿ ಹಾಕಿದೆ. ಒರಟು ಕಬ್ಬಿಣ, ಏನೂ ಏಳಲಿಲ್ಲ. ಬೀಗದ ಮೇಲೆ ಸಿದ್ದಪ್ಪನ ಗುರುತು ಬಿಟ್ಟರೆ ಬೇರೆ ಇಲ್ಲ. ಸಾಹೇಬರು ನನ್ನ ಎಡಗೈಯತ್ತ ಒಮ್ಮೆ ನೋಡಿದರು. ನಾನು ಅರ್ಥ ಮಾಡಿಕೊಂಡು ಕೆಳಗಿನ ಬಿಜಾಗರಿಯ ಮುಂದೆ ಮೊಣಕಾಲೂರಿದೆ. ಬಲಗೈಯಲ್ಲಿ ಸ್ಕ್ರೂ ತಿರುವುವವನಂತೆ ಕೈ ಆಡಿಸಿದೆ. ಕೆಳಗಿನ ಕೊನೆಯ ಸ್ಕ್ರೂ ಬಿಚ್ಚುವಾಗ ಬಾಗಿಲು ಜೋಲುತ್ತದೆ. ಅದನ್ನು ಯಾವುದಾದರೂ ಕೈ ಎತ್ತಿ ಹಿಡಿಯಬೇಕು. ನನ್ನ ಎಡಗೈ ತಾನಾಗಿಯೇ ಹಲಗೆಯ ಕೆಳ ಅಂಚಿಗೆ ಹೋಯಿತು. ಮುಟ್ಟದೆ ಅಲ್ಲೇ ತಡೆದು, ಬಗ್ಗಿ ನೋಡಿದೆ.

ಅಲ್ಲಿ ಪುಡಿ ಹಾಕುವ ಅಗತ್ಯವೇ ಇರಲಿಲ್ಲ. ಗುಡಿಯ ನೆಲದ ಮೇಲೆಲ್ಲ ಭಂಡಾರ ಉದುರಿರುತ್ತದೆ. ಬಗ್ಗಿ ಕೂರುವಾಗ ಅವನು ನೆಲಕ್ಕೆ ಕೈಯೂರಿದ್ದಾನೆ, ಬೆವರಿನ ಬೆರಳಿಗೆ ಅರಿಸಿನ ಮೆತ್ತಿದೆ, ಅದೇ ಕೈಯಲ್ಲಿ ಎಣ್ಣೆಬಣ್ಣದ ಹಲಗೆ ಹಿಡಿದಿದ್ದಾನೆ. ನೀಲಿ ಬಣ್ಣದ ಮೇಲೆ ಹಳದಿ ಬೆರಳುಗಳು, ತುದಿ ಕೆಳಮುಖವಾಗಿ. ಕೈ ಮುಗಿಯಲು ಬಂದ ಭಕ್ತರು ಯಾರೂ ಅಷ್ಟು ಕೆಳಗೆ, ಹಾಗೆ ತಲೆಕೆಳಗಾಗಿ ಕೈ ಇಡುವುದಿಲ್ಲ.

"ನಮ್ಮ ಪೆಟಗಿ ಬರೂದಕ್ಕಿಂತ ಮೊದಲ ಬೀರಪ್ಪ ತನ್ನ ಪುಡಿ ಹಾಕಿ ಇಟ್ಟಾನ್ರೀ," ಎಂದು ಹುಸೇನಸಾಬರು ಕ್ಯಾಮೆರಾ ಹಿಡಿದು ನೆಲಕ್ಕೆ ಮಲಗಿದರು.

ತೋರುಬೆರಳ ತುದಿಯಲ್ಲಿ ಅಡ್ಡಕ್ಕೆ ಒಂದು ಹಳೆಯ ಗಾಯದ ಗೆರೆ ಇತ್ತು. ಎಡಗೈಯ ತೋರುಬೆರಳಿಗೆ ಉಳಿಯ ಪೆಟ್ಟು ಬೀಳುವುದು ಬಡಿಗ ಕೆಲಸದವರಿಗೆ. ಸಿದ್ದಪ್ಪನ, ಅವನ ಮನೆಯವರ ಬೆರಳುಗಳನ್ನು ಅಲ್ಲೇ ತೆಗೆದು ನೋಡಿದೆ. ಯಾರದೂ ಅದಲ್ಲ. ಈ ಮಾತನ್ನು ಬಸಪ್ಪನಿಗೆ ಹೇಳಿದಾಗ ಅವನು, "ಅಂವನ ಯಾರನ್ನರ ಕರಕೊಂಡು ಬಂದಿರಬೇಕ್ರಿ" ಎಂದ. ಅನುಮಾನ ಬೇರು ಬಿಟ್ಟಿತ್ತು, ಕಿತ್ತರೂ ಬರುವಂತಿರಲಿಲ್ಲ.

ಆಮೇಲಿನ ದಿನಗಳು ಭೂತಗನ್ನಡಿಯ ದಿನಗಳು. ಹಳೆಯ ಕನ್ನಗಳ್ಳರ ಚೀಟಿಗಳನ್ನು ಒಂದೊಂದಾಗಿ ನೋಡಿದೆ. ಸಿಕ್ಕುತ್ತದೋ ಇಲ್ಲವೋ ಗೊತ್ತಿಲ್ಲ. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ನಿಂತು, ಉಳಿದ ಚೀಟಿಗಳ ಕಟ್ಟು ನೋಡಿ ಹೋಗುತ್ತಿದ್ದರು. ಸಿಕ್ಕಿತು. ಹಿಂದೆ ಒಮ್ಮೆ ಒಂದು ಗೋದಾಮಿನ ಕಳವಿನಲ್ಲಿ ಸಿಕ್ಕಿಬಿದ್ದಿದ್ದವನು. ಬಾಗಿಲು, ಕಿಟಕಿ ಕೂಡಿಸುವ ಕೆಲಸಗಾರ. ಅವನ ಹೆಸರು ಬರೆಯುವುದಿಲ್ಲ. ಶಿಕ್ಷೆ ಮುಗಿಸಿ ಬಂದಿದ್ದಾನೆ, ಮಕ್ಕಳಿದ್ದಾರೆ.

ಅವನ ಷೆಡ್ಡು ನನ್ನ ತವರೂರು ಇಳಕಲ್ಲಿನಲ್ಲೇ ಇತ್ತು. ಬೆಳ್ಳಿಯ ಮುಖ ಹಳೆಯ ಧೋತರದಲ್ಲಿ ಸುತ್ತಿ, ಕಟ್ಟಿಗೆ ಹೊಟ್ಟಿನ ಚೀಲದ ತಳದಲ್ಲಿತ್ತು. ಮಾರಲು ಹೋದಲ್ಲೆಲ್ಲ ದೇವರ ಮುಖ ಒಲ್ಲೆವೆಂದು ಕಳಿಸಿದ್ದರಂತೆ. ಕರಗಿಸಲು ಅವನಿಗೇ ಧೈರ್ಯವಾಗಿರಲಿಲ್ಲ.

ಸಾಹೇಬರು ಅವನನ್ನು ಕೂರಿಸಿಕೊಂಡು ಮೆಲುದನಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. "ಸ್ಕ್ರೂ ಎಲ್ಲಾ ತಿರುಗಿ ಯಾಕ ಕೂಡ್ಸಿದಿ? ಪೂಜಾರಿ ಮ್ಯಾಲ ಬರ್ಲಿ ಅಂತೇನು?"

ಅವನು ನಿಜವಾಗಿಯೂ ಚಕಿತನಾಗಿ ನಮ್ಮ ಮುಖ ನೋಡಿದ. "ಇಲ್ರೀ ಸಾಹೇಬ್ರ. ಬಿಚ್ಚಿದ ಬಾಗಲಾ ಹಂಗ ಬಿಟ್ಟು ಹೋಗಾಕ ನನಗ ಬರೂದಿಲ್ರಿ. ಕೈಗೆ ರೂಢಿ ಇಲ್ಲ. ಕೂಡ್ಸಿ, ಒಮ್ಮೆ ಜಗ್ಗಿ ನೋಡಿ, ಬಂದೆ." ಆಮೇಲೆ, "ಒಂದು ಸ್ಕ್ರೂನೂ ಕೆಟ್ಟಿಲ್ಲ ನೋಡ್ರಿ" ಎಂದ.

ಆ ಕೊನೆಯ ಮಾತಿನಲ್ಲಿ ಸಣ್ಣ ಹೆಮ್ಮೆ ಇತ್ತು. ನನ್ನ ಅಪ್ಪ ಸೀರೆ ಮಡಿಸಿ ಕೊಡುವಾಗ ಇರುತ್ತಿದ್ದಂಥದ್ದೇ. ನಾನು ಹೇಳಿದೆ: "ನೀ ಹಂಗ ಚಂದಾಗಿ ಕೂಡ್ಸಿದ್ದಕ್ಕ ಆ ಊರಾಗ ಒಬ್ಬ ಮನಷ್ಯಾನ್ನ ಕಳ್ಳ ಅಂದ್ರು. ಅವನ ಹೆಂಡತಿ ಬಾಂವಿಗೆ ನೀರಿಗೆ ಹೋಗೂದ ಬಿಟ್ಟಾಳ. ಬಾಗಲಾ ಒಡದ ಹೋಗಿದ್ರ ಅವರು ಉಳೀತಿದ್ರು."

ಅವನು ತನ್ನ ಕೈಗಳನ್ನೇ ನೋಡುತ್ತ ಕೂತ. ಅವನನ್ನು ಕರೆದೊಯ್ಯುವಾಗ ಬಾಗಿಲಲ್ಲಿ ನಿಂತು, "ಆ ಪೂಜಾರಿ ಹೆಸರೇನ್ರಿ?" ಎಂದು ಕೇಳಿದ. ಹೇಳಿದೆ.

ಕಾಗದಪತ್ರದ ಕೆಲಸ ಮುಗಿಸಿ, ಕೋರ್ಟಿನ ಅಪ್ಪಣೆ ಪಡೆದು ಮುಖವನ್ನು ಊರಿಗೆ ಒಪ್ಪಿಸಿದಾಗ ಅಮಾವಾಸ್ಯೆ ಕಳೆದುಹೋಗಿತ್ತು. ಆದರೆ ಕಳ್ಳ ಸಿಕ್ಕ ಸುದ್ದಿ ಮೊದಲೇ ಮುಟ್ಟಿದ್ದರಿಂದ ಪೂಜೆ ಬೇರೆಯವರಿಗೆ ಹೋಗಿರಲಿಲ್ಲ. ಊರವರು ಹಲಗೆ ಬಾರಿಸಿ ಎದುರುಗೊಂಡರು. ಬಸಪ್ಪ ಎಲ್ಲರ ಮುಂದೆ ಹೊಸ ಕೀಲಿಯೊಂದನ್ನು ಸಿದ್ದಪ್ಪನತ್ತ ಚಾಚಿ, "ಹಿಡಿಯೋ ಸಿದ್ದಪ್ಪ. ಆಗಿದ್ದ ಆಗಿ ಹೋತು. ನೀ ತಪ್ಪ ಮಾಡಿಲ್ಲಂತ ಬೆರಳ ಹೇಳ್ತು" ಎಂದ.

ಸಿದ್ದಪ್ಪ ಕೈ ಚಾಚಲಿಲ್ಲ.

"ಬೆರಳ ಸಿಗದಿದ್ರ, ಬಸಣ್ಣ?" ಎಂದ.

ಹಲಗೆ ಬಾರಿಸುವವರು ನಿಲ್ಲಿಸಿದರು. ಸಿದ್ದಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. "ಪೂಜಿ ನಾ ಮಾಡ್ತೇನಿ. ಅದು ನಮ್ಮಪ್ಪನ ಕೆಲಸ. ಕೀಲಿ ಮಾತ್ರ ನನಗ ಬ್ಯಾಡ. ಒಂದ ತಿಂಗಳಿಗೆ ಒಂದ ಮನಿ ಹಿಡೀಲಿ. ಮೊದಲ ನಿನ್ನ ಮನಿ." ಇಷ್ಟು ಹೇಳಿ, ಮುಖವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದ.

ಜೀಪಿನಲ್ಲಿ ವಾಪಸು ಬರುವಾಗ ಸಾಹೇಬರ ಮುಖದಲ್ಲಿ ಕೇಸು ಗೆದ್ದ ಕಳೆ ಇರಲಿಲ್ಲ.

ಕೆಲವು ತಿಂಗಳ ನಂತರ ವಿಭಾಗಕ್ಕೆ ಹೊಸಬರು ಬಂದರು. ಸಾಹೇಬರು ಎಂದಿನಂತೆ ಮನೆಗೆ ಕರೆದರು, ನಾನೂ ಹೋದೆ. ಅದೇ ಗೋಡೆ, ಅದೇ ಕಂಬಳಿ, ಅದೇ ಇಟ್ಟಿಗೆ. ಸುಳ್ಳು ಯಾಕೆ ಹೇಳಲಿ, ಆಗಲೂ ಉಸಿರು ಬಿಗಿಹಿಡಿದೇ ನೋಡಿದೆ. ಆದರೆ ಮುದುಕ ಸ್ಟೇಷನ್ನಿಗೆ ಹೊರಟಾಗ ನನ್ನ ಲಕ್ಷ್ಯ ಅವನ ಹಿಂದೆ ಹೋಗಲಿಲ್ಲ, ವಜ್ರದ ಅಂಗಡಿಯಲ್ಲೇ ಉಳಿಯಿತು. ಬೆಳಗ್ಗೆ ಅದರ ಬಾಗಿಲು ತೆಗೆದವರು ಯಾರು? ಕೀಲಿ ಯಾರ ಹತ್ತಿರವಿತ್ತು? ಅಲ್ಲಿ ಕಸಗುಡಿಸುವವಳೊಬ್ಬಳು ಇದ್ದಿರಬೇಕಲ್ಲ, ಅವಳನ್ನು ಏನೆಂದು ಕೇಳಿದರು? ಸಿನಿಮಾದಲ್ಲಿ ಅದೊಂದೂ ಇಲ್ಲ.

ಎಲ್ಲರೂ ಹೋದ ಮೇಲೆ ಸಾಹೇಬರಿಗೆ ಇದನ್ನು ಹೇಳಿದೆ.

"ಅದನ್ನ ತೋರ್ಸಿದ್ರ ಆ ಗ್ವಾಡಿ ಚಂದ ಕಾಣತಿರ್ಲಿಲ್ಲ, ಶಾಂತಾ," ಎಂದರು ಅವರು. "ಸಿನಿಮಾ ಮಾಡಿದಂವಗ ಅದು ಗೊತ್ತಿತ್ತು. ಅಂವಂದು ತಪ್ಪಲ್ಲ. ಅಂವ ಎಲ್ಲಿ ಬಿಟ್ನೋ ಅಲ್ಲಿಂದ ನಮ್ಮ ಕೆಲಸ."

"ಹಂಗಾದ್ರ ಇನ್ನ ಮುಂದ ತೋರ್ಸೂದು ಬಿಡ್ತೀರೇನ್ರಿ?"

"ಇಲ್ಲ. ಕಳ್ಳನ ಕೈಚಳಕ ನೋಡಿ ಯಾರಿಗೆ ಮನಸ್ಸು ಸೋಲೂದಿಲ್ಲೋ, ಅವರಿಗೆ ಕಳ್ಳ ಸಿಗೂದಿಲ್ಲ. ತೋರಸ್ತೇನಿ. ಮುಗಿದ ಮ್ಯಾಲ ಸಿದ್ದಪ್ಪನ ಸುದ್ದಿ ಹೇಳ್ತೇನಿ."

ಅವರು ನಿವೃತ್ತರಾಗುವ ತನಕ ಹಾಗೆಯೇ ಮಾಡಿದರು. ಆಮೇಲೆ ನಾನು ಮಾಡಿದೆ. ಈಗಿನ ಹುಡುಗಿಯರು ಸಿನಿಮಾವನ್ನು ಮೊಬೈಲಿನಲ್ಲೇ ನೋಡಿ ಬರುತ್ತಾರೆ. ನೋಡಿ, ಮನಸಾರೆ ನೋಡಿ, ಮುದುಕ ಪಾರಾಗಲಿ ಎಂದು ಅನಿಸಿದರೆ ನಾಚಿಕೊಳ್ಳಬೇಡಿ ಎನ್ನುತ್ತೇನೆ. ನಾಳೆ ಕಳವಾದ ಮನೆಯ ಹೊಸ್ತಿಲ ಮೇಲೆ ನಿಂತಾಗ, ಕಳ್ಳನನ್ನು ಹುಡುಕುವ ಮುಂಚೆ ಆ ಮನೆಯ ಮಂದಿ ಯಾರ ಕಡೆ ನೋಡುತ್ತಿದ್ದಾರೆ ಎಂದು ಒಮ್ಮೆ ನೋಡಿ ಎಂದೂ ಹೇಳುತ್ತೇನೆ. ಬೆರಳಿನ ಗುರುತು ಕಳ್ಳನನ್ನು ಹಿಡಿಯುತ್ತದೆ ಎಂಬುದಕ್ಕಿಂತ ಕಳ್ಳನಲ್ಲದವನನ್ನು ಬಿಡಿಸುತ್ತದೆ ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ. ಆದರೆ ಅದು ಪೂರಾ ಬಿಡಿಸುವುದಿಲ್ಲ. ಅದನ್ನೂ ತಿಳಿದುಕೊಂಡೇ ಈ ಕೆಲಸಕ್ಕೆ ಬರಬೇಕು.

ಹೋದ ವರ್ಷ ಬಾದಾಮಿ ಕಡೆ ಒಂದು ಮದುವೆಗೆ ಹೋಗಿದ್ದೆ. ಬರುವಾಗ ಕುಳಗೇರಿ ಕ್ರಾಸಿನಲ್ಲಿ ಇಳಿದು, ಆ ಹಳ್ಳಿಗೆ ಹೋಗುವ ಟಂಟಂ ರಿಕ್ಷಾ ಹತ್ತಿದೆ. ಗುಡಿಯ ಮುಂದೆ ಸಿದ್ದಪ್ಪ ಕೂತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದು, ಎದ್ದು ಬಂದು, ಹಣೆಗೆ ಭಂಡಾರ ಹಚ್ಚಿದ.

"ಬೆಳ್ಳಿ ಮುಖ ನೋಡಬೇಕಿತ್ತಲ್ಲ, ಸಿದ್ದಪ್ಪ."

"ಕೂಡ್ರಿ ಬಾಯಾರ. ಕೀಲಿ ಬರಬೇಕು. ಈ ತಿಂಗಳು ಬಸಣ್ಣನ ಪಾಳಿ."

ಹೇಳಿಕಳಿಸಿದ ಸ್ವಲ್ಪ ಹೊತ್ತಿಗೆ ಬಸಪ್ಪ ಬಂದ. ಈಗ ಕೋಲು ಊರಿ ನಡೆಯುತ್ತಾನೆ. ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದ, ಅಂಗಿಯ ಒಳಗೆ. ಅದನ್ನು ಹೊರತೆಗೆಯುತ್ತ ಏದುಸಿರಿನಲ್ಲಿ ನನಗೆ ಹೇಳಿದ:

"ಇದು ನನ್ನ ಕೊಳ್ಳಾಗ ಇದ್ದ ತಿಂಗಳು ನನಗ ನಿದ್ದಿ ಬರೂದಿಲ್ರಿ, ಬಾಯಾರ. ನಡುವ ನಡುವ ಎದ್ದು ಬಂದು ಬಾಗಲಾ ಜಗ್ಗಿ ನೋಡಿ ಹೋಗ್ತೇನಿ."

ಬಸಪ್ಪ ಕೋಲನ್ನು ಗೋಡೆಗೆ ಒರಗಿಸಿ ಬೀಗ ತೆಗೆಯುವ ತನಕ ಸಿದ್ದಪ್ಪ ಬಾಗಿಲನ್ನು ಹಿಡಿದುಕೊಂಡು ನಿಂತ.